ಮಾವನವರ ಬಾಟ್ಲಿ

ಏ ವಹೀದಾ, ಜೋರ ನಗಬ್ಯಾಡ! ಗಂಡಸ್ರು ಪಡದಾದ ಆಚಿಗೇ ಕುಂತಾರ, ಕೇಳಿಸ್ತದ... ಸೆರಗ ಬಾಯಾಗ ಇಟಗೊ. ಭಾಲ್ಕಿ ಗೋವಿಂದ ವಕೀಲರು ಏನಂದ್ರು, ಕೇಳ್ದಿಲ್ಲೋ? "ವಾಹ್ ಮಾಧವರಾವ್! ಅರವತ್ತು ವರ್ಷದ ಪೋರ್ಟ್ ವೈನ್ ಅಂದ್ರ ಇದು!" ಅಯ್ಯಯ್ಯ... ಮೊನ್ನಿ ನಾ ಕುದಿಸಿದ ನೇರಳ ಹಣ್ಣಿನ ರಸ ಅದು! ಬೆಲ್ಲ, ಲವಂಗ. ಅಷ್ಟೇ!

ಔರಾದದ ಧೊಂಡಿಬಾ ಅವರಂತೂ ತಳದಾಗಿನ ಗಸಿ ಕಂಡು ಕೈನೇ ಮುಗದ್ರು. "ಹಳೇ ಮಾಲಿನ ಗುರ್ತು ಇದು. ಮಲಮಲ್ ಅರಿವ್ಯಾಗ ಸೋಸಿ ಕೊಡ್ರಿ ಅನಸೂಯಾ ವೈನಿ" ಅಂತ. ನೇರಳ ಹಣ್ಣಿನ ಸಿಪ್ಪಿಗಿ ಕೈ ಮುಗದ್ರಲ್ಲ! ಹಿಡಿ, ಅರಿವಿ ಸರಿ ಹಿಡಿ.

ನಗಬ್ಯಾಡ ಅಂದ್ರ! ಗೊತ್ತಾತು ಅಂದ್ರ ಗೆಳ್ಯಾರ ಮುಂದ ನಮ್ಮವ್ರ ಮಾನ ಹೋಗ್ತದ. ಇಂಗ್ರೇಜಿ ಗೋರಾ ಇಂಜಿನಿಯರ್ ನಮ್ಮ ಮಾವನೋರಿಗಿ ಕೊಟ್ಟ ಬಾಟ್ಲಿ, ಕಪಾಟಿನಾಗ ದೇವರ ಹಂಗ ಇಟ್ಟಿದ್ರು. ಈಗ ಹೈದ್ರಾಬಾದ್ ರಾಜ್ಯ ಒಡಿತದ, ಆ ಕಾಲದ್ದು ಕುಡದು ಮುಗಸ್ತೀನಿ ಅಂತ ನಮ್ಮವ್ರು ಹಟ ಹಿಡದ್ರು. ಇಷ್ಟು ವರ್ಷ ಅದ್ರಾಗ ನಾ ತುಂಬಿಟ್ಟ ಚಹಾದ ನೀರಿತ್ತು. ಚೆಲ್ಲಿ ಇದ ತುಂಬ್ದೆ, ಬಳಿಗಾರನ ಕಡಿಂದ ಅರಗು ತಂದು ಬಾಯಿ ಮುಚ್ಚಿದೆ.

ಖರೇ ಮಾಲು? ಬೆಕ್ಕು ಉರುಳಿಸ್ತು ಅಂದೆನಲ್ಲ. ಎರಡ ಸಲ ಯಾಕ ಕೇಳ್ತಿ? ಬಾಟ್ಲಿ ಒಡಿಲಿಲ್ಲ, ಬೂಚ ಬಿಚ್ಚತು... ಯಾಕ, ಬೆಕ್ಕು ಬೂಚ ಬಿಚ್ಚಬಾರ್ದೇನ?

ಶ್ಶ್! ನಿಮ್ಮ ಸಾಹೇಬ್ರು! ಮುನೀರೋದ್ದೀನ ಸಾಹೇಬ್ರ ನಾಲಿಗಿದೇ ನನಗ ಅಂಜಿಕಿ, ನವಾಬರ ದಾವತ್ನಾಗ ಪಳಗಿದ್ದು. ಏನಂತಾರ ಕೇಳು... "ಖರೇ ಪೋರ್ಟ್ ಮೊದ್ಲ ಸಿಹಿ. ಆಮ್ಯಾಲ ಎದಿಯಾಗ ಬೆಂಕಿ. ಆಮ್ಯಾಲ ಅಂಗಾಲತನಾ ಬಿಸಿ ಇಳಿತದ. ಇದು ಭಾಳ ಹಳೇದಾಗಿ ಬೆಂಕಿ ಆರ್ಯಾದ, ಅಷ್ಟೇ." ಉಳಕೊಂಡ್ವಿ ಯವ್ವಾ! ಬೆಂಕಿ ಆರ್ಯಾದಂತ!

...ವಹೀದಾ? ನಗು ಯಾಕ ನಿಲ್ಸಿದಿ? ಅರಿವಿ ಬಿಡಬ್ಯಾಡ... ಏನಾತು? ಹಂಗ ನೋಡಬ್ಯಾಡ. ಬೆಕ್ಕು ಅಂತ ಹೇಳ್ಲಿಲ್ಲೇನ...

ಹ್ಞೂಂ. ಹೌದು. ನೀ ಹಡದಾಗ ಅಂಗಾಲತನಾ ಬಿಸಿ ಇಳಿದ ಆ ಕಷಾಯ, ಅದೇ ಪೋರ್ಟ್.

ಏನ ಮಾಡ್ಬೇಕಿತ್ತು ನಾ? ಪೊಲೀಸ್ ಆ್ಯಕ್ಷನ್ ಗದ್ಲ, ಓಣಿ ತುಂಬ ಹೊಗಿ. ನಮ್ಮವ್ರು ಸೊಲ್ಲಾಪುರದಾಗ, ನಿಮ್ಮವ್ರು ಹೈದ್ರಾಬಾದದಾಗ. ತುಂಬಿದ ಬಸರಿ ಹಿತ್ತಲ ಬಾಗ್ಲಕ ಬಂದಿ, ಜ್ವಾಳದ ಚೀಲದ ಹಿಂದ ಹಡದಿ. ಕೈಕಾಲು ಥಣ್ಣಗಾದ್ವು. "ಬಿಸಿ ಏನರ ಹಾಕ್ರಿ ಬಾಯಿಗಿ, ಇಲ್ಲಂದ್ರ ಹೋಗ್ತಾಳ" ಅಂದಳು ಸೂಲಗಿತ್ತಿ ಸತ್ಯಮ್ಮ. ಕಪಾಟಿನಾಗ ಅದೊಂದೇ ಕಂಡದ್ದು. ಚಮಚದಲೆ ಹಾಕ್ದೆ, ಕಷಾಯ ಅಂದೆ. ದಾರು ಅಂದಿದ್ರ ನೀ ಬಾಯಿ ತೆರಿತಿದ್ದೇನ? ನನಗ ನೀ ಬೇಕಾಗಿದ್ದಿ ವಹೀದಾ! ಗುನಾಹ ಇದ್ರ ನಂದೇ ಇರ್ಲಿ, ಹೋಗು. ಅಲ್ನೋಡು, ಅಂಗಳದಾಗ ಕುಂಟಬಿಲ್ಲಿ ಆಡ್ಲಿಕ್ಕತ್ತಾಳ ನಿನ್ನ ಮಗಳು... ಬೈ ಬೇಕಾದ್ರ. ಏನರ ಅನ್ನು...

ಏ, ತಂಬಗಿ ಯಾಕ ಕಸಗೊಂಡಿ? ಹ್ಞಾ... ಅವರು ಇನ್ನೊಂದು ಗ್ಲಾಸ್ ಕೇಳ್ಲಿಕ್ಕತ್ತಾರ. ನೀನೇ ಸೋಸ್ತಿ? ಸೋಸು, ಸೋಸು. ಆದ್ರ ಮೊದ್ಲ ಕಣ್ಣ ಒರಸ್ಕೊ ನಮ್ಮವ್ವ. ಅದ್ರಾಗ ಉಪ್ಪು ಬಿದ್ದೀತು... ನಿಮ್ಮ ಸಾಹೇಬ್ರ ನಾಲಿಗಿ ಬಿಡ್ತದೇನ!