ಮೂರನೆಯ ಅಧ್ಯಾಯದ ತೋಳ

ಅಧ್ಯಕ್ಷರಾದ ಅಮರೇಶ ಅವರೇ, ಗ್ರಂಥಾಲಯ ಸಮಿತಿಯ ಹಿರಿಯರೇ, ಮಗ್ಗ ನಿಲ್ಲಿಸಿ ಬಂದು ಕೂತಿರುವ ಗುಳೇದಗುಡ್ಡದ ಸಭಿಕರೇ,

ನನ್ನ ಪುಸ್ತಕದ ಎರಡನೆಯ ಮುದ್ರಣಕ್ಕೆ ಇಷ್ಟು ಜನ ಸೇರಿದ್ದೀರಿ. ನಿರೂಪಕರು ನನ್ನನ್ನು ‘ಕಾಡುಪ್ರಾಣಿಗಳ ತಾಯಿ’ ಎಂದರು. ಪಶುವೈದ್ಯೆಯಾಗಿ ಇಪ್ಪತ್ತೆಂಟು ವರ್ಷ ದುಡಿದವಳಿಗೆ ಇಂಥ ಮಾತು ಹಿತವೇ. ಆದರೆ ಪುಸ್ತಕ ಬಂದ ದಿನವೇ ನನ್ನ ಯಜಮಾನರು ಹಾಳೆ ತಿರುವಿ, “ಶಿವಗಂಗಾ, ಇದರಾಗ ಪ್ರಾಣಿ ಫೋಟೊ ಹದಿನಾಲ್ಕು, ನಿನ್ನವು ಹತ್ತೊಂಬತ್ತು” ಎಂದಿದ್ದರು. ಆಗ ನಕ್ಕುಬಿಟ್ಟಿದ್ದೆ.

ಮೂರನೆಯ ಅಧ್ಯಾಯ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಶಿರೂರಿನ ಹತ್ತಿರ ಬಾವಿಗೆ ಬಿದ್ದ ತೋಳ. ಕೋಲು ಹಿಡಿದು ನೆರೆದ ಜನ. ಕಲ್ಲೆತ್ತಿದ ಕುರಿಗಾರ, ಅವನ ಕೈ ತಡೆದ ನಾನು. ಎದುರು ಪುಟದಲ್ಲಿ ಕಲ್ಲು ಹಿಡಿದ ಅವನ ಫೋಟೊ, ಕೆಳಗೆ ಹೆಸರು: ಮಾಳಿಂಗರಾಯ. ಇದರಲ್ಲಿ ಸುಳ್ಳು ಎಲ್ಲಿದೆ? ಎಲ್ಲೂ ಇಲ್ಲ. ಕುರಿಗಾರರ ಕೈಯಲ್ಲಿ ಕೋಲಿತ್ತು, ಯಾವಾಗಲೂ ಇರುತ್ತದೆ. ಅವನು ಕಲ್ಲೆತ್ತಿದ್ದೂ ನಿಜ.

ಬರೆಯದೇ ಬಿಟ್ಟದ್ದನ್ನು ಇವತ್ತು ಹೇಳುತ್ತೇನೆ. ನಾನು ಹೋಗುವಷ್ಟರಲ್ಲಿ ಮಾಳಿಂಗರಾಯ ತಾನು ಮಲಗುವ ಹೊರಸನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟಿದ್ದ. ತೋಳ ಒಂದು ಬಂಡೆಯನ್ನು ಅವುಚಿಕೊಂಡು ಕದಲದೆ ನಿಂತಿತ್ತು. ನಾನು ಅವನ ಕೈ ಹಿಡಿದಾಗ ಅವನು ಸಿಟ್ಟಾಗಲಿಲ್ಲ. “ಬಾಯಾರ, ಅದಕ್ಕ ಹೊಡಿಯೂದಿಲ್ರಿ. ಹಿಂದ ನೀರಿಗೆ ಒಗದ್ರ ಮುಂದ ಹೊರಸಿನ ಮ್ಯಾಲ ಬರತೈತಿ” ಎಂದ. ಕೈ ಬಿಟ್ಟೆ. ಕಲ್ಲು ನೀರಿಗೆ ಬಿತ್ತು, ತೋಳ ಹೊರಸು ಏರಿತು, ಜನ ಹಗ್ಗ ಜಗ್ಗಿದರು. ನಾನು ಮಾಡಿದ್ದು ಬಲೆ ಹೊದಿಸಿದ್ದಷ್ಟೇ.

ಅದಕ್ಕೆ ಮೂರು ದಿನ ಮೊದಲು ಅದೇ ತೋಳ ಅವನ ಎರಡು ಕುರಿಮರಿ ಒಯ್ದಿತ್ತಂತೆ. ಆದರೂ ಯಾಕೆ ಉಳಿಸಿದೆ ಎಂದು ಕೇಳಿದೆ. “ಬಾವ್ಯಾಗ ಬಿದ್ದದ್ದನ್ನ ಹೊಡದ್ರ ನಮ್ಮ ದ್ಯಾವ್ರು ಬೀರಪ್ಪ ಮೆಚ್ಚತಾನೇನ್ರಿ?” ಎಂದ. ಬಲೆಯ ಮೇಲೆ ಬಾಗಿ ನೋಡಿ, “ಮೊಲಿಗೆ ಹಾಲಿಳದಾವ್ರಿ. ಹಳ್ಳದಾಗ ಮರಿ ಅದಾವ. ಇಲ್ಲೇ ಬಿಟ್ಟುಬಿಡ್ರಿ” ಎಂದೂ ಹೇಳಿದ.

ನಾನು ಬಿಡಲಿಲ್ಲ. ಕುರಿಗಾರನೊಬ್ಬ ತೋಳವನ್ನು ತನ್ನ ಹಟ್ಟಿಯ ಹತ್ತಿರವೇ ಬಿಡು ಎಂದರೆ ಅದರಲ್ಲೇನೋ ಹುನ್ನಾರವಿದೆ ಎನಿಸಿತು. ಯಾಕೆ ಹಾಗೆನಿಸಿತು? ಇಳಕಲ್ಲಿನಲ್ಲಿ ನಮ್ಮ ತಂದೆಗೆ ಸೀರೆ ಅಂಗಡಿ ಇತ್ತು. ಕುರಿಗಾರರು ಬಂದರೆ ಹೊರಗಿನ ಮೆಟ್ಟಿಲ ಮೇಲೇ ಕೂಡಿಸಿ ಸೀರೆ ತೋರಿಸುತ್ತಿದ್ದರು. ಕಂಬಳಿಯ ವಾಸನೆ ರೇಷ್ಮೆಗೆ ಹತ್ತೀತು ಎಂದು. ತಂದೆ ಕೆಟ್ಟವರಲ್ಲ, ಚಹಾ ಕೊಡದೆ ಯಾರನ್ನೂ ಕಳಿಸಿದವರಲ್ಲ. ಈ ಮಾತು ಇಲ್ಲಿ ಯಾಕೆ ಬಂತೋ, ಇರಲಿ.

ಜೀಪಿನಲ್ಲಿ ತೋಳವನ್ನು ಬಾಗಲಕೋಟೆಗೆ ತಂದೆ. ‘ಜೀಪು ಹೊರಟಿತು, ಅದರ ಕಣ್ಣಲ್ಲಿ ಕೃತಜ್ಞತೆ ಇತ್ತು’ ಎಂಬಲ್ಲಿಗೆ ಅಧ್ಯಾಯ ಮುಗಿಸಿದೆ. ಆ ಸಾಲಿಗೆ ಬಹಳ ಮೆಚ್ಚುಗೆ ಬಂತು. ಎರಡನೆಯ ದಿನ ನನ್ನ ಪಂಜರದಲ್ಲೇ ತೋಳ ಸತ್ತಿತು. ಅದನ್ನು ಬರೆಯಲಿಲ್ಲ.

ಪುಸ್ತಕ ಬಂದ ಮೂರು ವರ್ಷಕ್ಕೆ ಆ ಸೀಮೆಯಲ್ಲಿ ಯಾರೋ ವಿಷವಿಟ್ಟು ಎರಡು ತೋಳ ಕೊಂದರು. ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ನನ್ನ ಪುಸ್ತಕ ಹಿಡಿದು ನೇರ ಮಾಳಿಂಗರಾಯನ ಮನೆಗೆ ಹೋದ. ಆರು ದಿನ, ಬೆಳಿಗ್ಗೆಯಿಂದ ಸಂಜೆತನಕ, ಅವನನ್ನು ಕಚೇರಿಯ ಹೊರಗೆ ಕೂಡಿಸಿದರು. ಆಮೇಲೆ ವಿಷವಿಟ್ಟವನು ಬೇರೆಯವನೆಂದು ಗೊತ್ತಾಯಿತು. ಇದೆಲ್ಲ ನನಗೆ ತಿಳಿದದ್ದು ಹೋದ ವರ್ಷ, ಅವನ ಮಗಳು ಭಾಗ್ಯಾ ನಮ್ಮ ಮನೆಗೆ ಬಂದಾಗ. ಬಿ.ಎಸ್ಸಿ. ಓದುವ ಹುಡುಗಿ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಸಿಕ್ಕಿತ್ತು. ಕೂಡ್ರು ಎಂದರೂ ಕೂಡ್ರಲಿಲ್ಲ. ಫೋಟೊದ ಪುಟ ತೆಗೆದು ಕೇಳಿದಳು: “ಬಾಯಾರ, ನಮ್ಮಪ್ಪ ಆ ಕಲ್ಲು ಎಲ್ಲಿ ಒಗದಾ ಅಂತ ಯಾಕ ಬರೀಲಿಲ್ರಿ?”

ಮರುದಿನ ಅವಳ ಜೊತೆಗೇ ಶಿರೂರಿಗೆ ಹೋದೆ. ಅವಳ ತಾಯಿ ಸೋಮವ್ವ ನೀರು ಕೊಟ್ಟು ಒಳಗೆ ಹೋದಳು. ಕಚೇರಿಯ ಮಾತನ್ನು ಮಾಳಿಂಗರಾಯ ಎತ್ತಲೇ ಇಲ್ಲ. “ಅದು ಬದುಕಿತೇನ್ರಿ?” ಎಂದಷ್ಟೇ ಕೇಳಿದ.

ಸತ್ತಿತು ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಅವನು ಹೇಳಿದ: “ನೀವು ಹೋದ ಮ್ಯಾಲ ಹಳ್ಳಕ್ಕ ಹೋಗಿ ಹುಡಿಕಿದ್ನಿರಿ. ಮೂರು ಮರಿ ಇದ್ದೂ, ಕಣ್ಣ ತೆರದಿದ್ದೂ. ಅವ್ವ ಬರತೈತಿ, ಬಾಯಾರು ಬಿಡತಾರ ಅಂತ ದಿನಾ ಕುರಿ ಹಾಲು ಇಟ್ಟು ಬಂದೆ. ಐದನೇ ದಿನ ಹಾಲು ಹಂಗ ಇತ್ತು.”

ಈ ಮುದ್ರಣದಲ್ಲಿ ಆ ಫೋಟೊ ಇಲ್ಲ. ಮೂರನೆಯ ಅಧ್ಯಾಯ ಹೊಸದಾಗಿ ಬರೆದಿದ್ದೇನೆ. ಅಚ್ಚಿಗೆ ಹೋಗುವ ಮುಂಚೆ ಭಾಗ್ಯಾ ಅದನ್ನು ತಂದೆಗೆ ಓದಿ ಹೇಳಿ, ಎರಡು ಕಡೆ ತಿದ್ದಿಸಿದಳು. ಇವತ್ತು ಬರ್ರಿ ಎಂದು ಕರೆದಿದ್ದೆ. ಅವರು ಯಾರೂ ಬಂದಿಲ್ಲ. ಹಳೆಯ ಪ್ರತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬಾಗಿಲ ಹತ್ತಿರದ ಮೇಜಿನ ಬಳಿ ಕೊಟ್ಟು ಬದಲಿಸಿಕೊಳ್ಳಿ. ಸಾವಿರ ಪ್ರತಿ ಹೋಗಿದ್ದವು. ಇವತ್ತಿನವರೆಗೆ ವಾಪಸು ಬಂದಿರುವುದು ನಲವತ್ತೊಂದು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.