ಗೋಡೆಯ ಮೇಲಿನ ಅರ್ಧ ಗಂಟೆ

ಅಲ್ಲಿ ಬೇಡಮ್ಮ ಶಿಲೇರ್, ಅಲ್ಲಿ ಗಾಳಿ ಬಡಿಯುತ್ತೆ. ಇತ್ತ ಬಾ, ಗೋಡೆಗೆ ಬೆನ್ನು ಕೊಟ್ಟು ಕೂತ್ಕೊ... ಹಾಂ, ಹಾಗೆ. ಚಹಾ ಕುಡಿ. ಸಕ್ಕರೆ ಕಲಸಿಬಿಟ್ಟೆ, ಬೈಕೋಬೇಡ. ನಿಮ್ಮ ಗ್ವೇಜಾನದಲ್ಲಿ ಸಕ್ಕರೆ ಉಂಡೆ ಹಲ್ಲಲ್ಲಿ ಕಚ್ಚಿಕೊಂಡು ಕುಡೀತೀರಿ, ನಮ್ಮ ಬೆರ್ಕಾನಿಯಲ್ಲಿ ಲೋಟಕ್ಕೇ ಹಾಕ್ತೀವಿ. ಇಷ್ಟೇ ನೋಡು ವ್ಯತ್ಯಾಸ! ಅದೇ ಅಕ್ರೋಟ್ ಮರ, ಅದೇ ಹಿಮ, ಅದೇ ಮಾತು, ಅದೇ ಜಗಳ. ನಡುವೆ ಒಂದು ಕಣಿವೆದಾರಿ... ಆಮೇಲೆ ಆ ಹಾಳು ಅರ್ಧ ಗಂಟೆ. ನಿಮ್ಮ ಇರಾನಿನ ಗಡಿಯಾರ ಮುಂದೆ, ನಮ್ಮ ಇರಾಕಿನದು ಹಿಂದೆ. ನಿಮ್ಮಣ್ಣ ಹೇಮಿನ್‌ನ ಎಷ್ಟು ರೇಗಿಸ್ತಿದ್ದೆ, "ಲೋ, ನೀವು ನಮಗಿಂತ ಅರ್ಧ ಗಂಟೆ ಮುಂಚೆ ಮುದುಕರಾಗ್ತೀರೋ" ಅಂತ!

ಮುದುಕ ಆಗ್ಲೇ ಇಲ್ಲ, ಪಾಪ.

ಯಾಕೆ ಹಾಗೆ ನೋಡ್ತೀಯ? ಅವನಿಗೆ ಗುಂಡು ಬಿದ್ದು ಒಂಬತ್ತು ದಿನ. ನನಗೇನು ಸಂಕಟ ಇಲ್ವಾ ತಾಯಿ? ಹನ್ನೆರಡು ವರ್ಷ ಈ ಖಿಡರ್ ಮಾಮನ ಅಂಗಡಿಯಿಂದಲೇ ಕದ್ದು ಗಡಿ ದಾಟಿಸೋ ಹೊರೆ ಹೊತ್ತ. ಆ ದಿನವೂ ಚಹಾಪುಡಿ ಮೂಟೆ ನಾನೇ ಬೆನ್ನಿಗೆ ಕಟ್ಟಿದೆ. ಮೇಲಿನ ಗಡಿ ಚೌಕಿಯಲ್ಲಿ ಕಾವಲಿನ ಪಾಳಿ ಬದಲಾಗೋದು ಸಂಜೆ ಐದಕ್ಕೆ. ನಿಮ್ಮ ಐದು. ಅರ್ಧ ಗಂಟೆ ಯಾರೂ ದಾರಿ ಕಡೆ ನೋಡಲ್ಲ. ಇಲ್ಲಿಂದ ಒಂದು ಗಂಟೆ ನಡಿಗೆ, ನಿಮ್ಮ ನಾಲ್ಕಕ್ಕೆ ಹೊರಟ್ರೆ ಸರಿ. ಫೋನ್ ನಂಬೋ ಹಾಗಿಲ್ಲ, ಬೆಟ್ಟದಲ್ಲಿ ಒಮ್ಮೆ ಆ ದೇಶದ ಹೊತ್ತು ತೋರಿಸುತ್ತೆ, ಒಮ್ಮೆ ಈ ದೇಶದ್ದು. ಅದಕ್ಕೇ ಅಲ್ವಾ ಹೊರೆಯವರೆಲ್ಲ ನನ್ನ ಗೋಡೆ ನೋಡಿ ಹೊರಡೋದು? ನಮ್ಮದೊಂದು, ನಿಮ್ಮದೊಂದು, ಎರಡು ಗಡಿಯಾರ...

ತಿರುಗಬೇಡ! ...ಅಲ್ಲ, ಚಹಾ ಚೆಲ್ಲುತ್ತೆ ಅಂದೆ.

ಹೌದು, ಈಗ ಒಂದೇ ಇದೆ. ನಿಮ್ಮದು ರಿಪೇರಿಗೆ ಕೊಟ್ಟೆ. ಮೊನ್ನೆ. ಅಲ್ಲ... ಅದಕ್ಕೂ ಮುಂಚೆ. ಅವನು ಸರಿಯಾದ ಹೊತ್ತಿಗೇ ಹೊರಟ ಕಣಮ್ಮ, ಕಾವಲಿನವರೇ ಬೇಗ ಬಂದುಬಿಟ್ರು. ಎಲ್ರೂ ಅದನ್ನೇ ಹೇಳ್ತಾರೆ! ಎಲ್ರೂ ಅಂದ್ರೆ... ನಾನೇ ಹೇಳಿದ್ದು.

ಮಾತಾಡು ಶಿಲೇರ್. ಬೈ. ಮುಖಕ್ಕೆ ಉಗಿ. ಬರೀ ಆ ಖಾಲಿ ಮೊಳೆ ನೋಡ್ತಾ ಕೂರಬೇಡ...

ಫುಟ್‌ಬಾಲ್ ಇತ್ತು ಅವತ್ತು. ರಿಮೋಟಿನ ಸೆಲ್ಲು ಸತ್ತಿತ್ತು. ನಿಮ್ಮ ಗಡಿಯಾರದ್ದು ಕಿತ್ತು ಅದಕ್ಕೆ ಹಾಕ್ದೆ. ಒಂದರ್ಧ ಗಂಟೆ, ಅಷ್ಟೇ! ಆಮೇಲೆ ವಾಪಸ್ ಹಾಕ್ದೆ, ಮುಳ್ಳು ತಿರುಗಿಸೋದು ಮರೆತೆ. ಅವನು ಎದ್ದು ನಿಂತಿದ್ದ ಕಣೇ! "ಬಿಸಿಲು ಮಸೀದಿ ಗೋಡೆ ದಾಟ್ತು, ಹೊರಡ್ಲಾ ಮಾಮ?" ಅಂದ. ನಾನೇ, "ನಿಮ್ಮ ಗಡಿಯಾರ ನೋಡೋ, ಇನ್ನೂ ಮೂರೂವರೆ. ಕೂತ್ಕೊ, ಆಟ ನೋಡು" ಅಂದೆ. ಕೂತ. ನನ್ನ ಮಾತು ನಂಬಿ ಕೂತ.

ಗೊತ್ತಿರಲಿಲ್ಲ ತಾಯಿ, ಮಕ್ಕಳಾಣೆ ಗೊತ್ತಿರಲಿಲ್ಲ...

ಹಾಗೆ ನೋಡಬೇಡ. ಹೇಳ್ತೀನಿ.

ಅವನು ಹೋದ ಮೇಲೆ ತಲೆ ಎತ್ತಿದೆ. ಎರಡು ಗಡಿಯಾರದಲ್ಲೂ ಒಂದೇ ಹೊತ್ತು, ನಡುವಿನ ಆ ಅರ್ಧ ಗಂಟೆಯೇ ಇಲ್ಲ. ಅವನಿನ್ನೂ ಅಕ್ರೋಟ್ ಮರದ ತಿರುವು ದಾಟಿರಲಿಲ್ಲ. ಬಾಗಿಲಿಗೆ ಬಂದು ಕೂಗಿದ್ರೆ ಕೇಳಿಸ್ತಿತ್ತು.

ಆಟ ಮುಗಿಯೋಕೆ ಇನ್ನು ಹತ್ತೇ ನಿಮಿಷ ಇತ್ತು ಶಿಲೇರ್.