ಬೈಂಡಿಂಗ್‌ಗೆ ಹೋದ ಗೈಡು

...ನೀನೇ ಬರ್ದಿದ್ದು ಕಣಪ್ಪ ವಂಶಿಕೃಷ್ಣ, ನಾಟಕ ಬೇಡ! ಹೆಸರು ಹಾಕಿಲ್ಲ, ಸರಿ. ಹಾಕ್ಬೇಡಿ ಅಂತ ಫಾರಂ ಮೇಲೇ ಪ್ರಿಂಟ್ ಮಾಡ್ಸಿದ್ದಾರೆ. ಆದ್ರೆ ಎರಡು ವರ್ಷದಿಂದ ಈ ಲೈಬ್ರರಿ ಬಾಗ್ಲಲ್ಲಿ ಕೂತು ನಿನ್ನ ಕೈಲಿ ದಿನಾ ಸೈನ್ ಹಾಕ್ಸೋನು ಯಾರು? ಈ ಮುನಿರಾಮಪ್ಪ! ನಿನ್ನ ‘ವ’ ನಂಗೊತ್ತಿಲ್ವಾ? ಹೊಟ್ಟೆ ಬಿಟ್ಕೊಂಡು ಕೂತಿರುತ್ತೆ, ನಮ್ಮ ಪ್ರಿನ್ಸಿಪಾಲರ ಥರ... ಯಾಕೋ ನಗ್ತೀಯ? ಮೆತ್ತಗೆ! ಲೈಬ್ರರಿಯನ್ ಚಿತ್ರಾ ಮೇಡಂ ಒಳಗವ್ರೆ.

ನೋಡಿಲ್ಲಿ. ಲೈಬ್ರರಿ ಸೇವೆ ತೃಪ್ತಿ ತಂದಿದೆಯಾ ಅಂತ ಕೇಳಿದ್ದಕ್ಕೆ ಇನ್ನೂರು ಜನ ಬರ್ದವ್ರೆ. ನೂರಾ ತೊಂಬತ್ತೊಂಬತ್ತು ಜನ ‘ತುಂಬಾ ತೃಪ್ತಿ’! ಇದು ನೋಡು, ಈ ಕೈಬರಹ ನಮ್ಮ ರಿಜಿಸ್ಟರಲ್ಲೇ ಇಲ್ಲ; ಈ ಮಹಾನುಭಾವ ಒಂದಿನಾನೂ ಒಳಗೆ ಕಾಲಿಟ್ಟೋನಲ್ಲ, ‘ಪುಸ್ತಕಗಳು ಸೊಗಸಾಗಿವೆ’ ಅಂತೆ. ಇನ್ನೊಬ್ಬ ಸಲಹೆ ಅನ್ನೋ ಜಾಗದಲ್ಲಿ ‘ಕ್ಯಾಂಟೀನ್ ಬೋಂಡ ದಪ್ಪ ಮಾಡಿ’ ಅಂದವ್ನೆ. ಫ್ಯಾನ್ ಕೆಳಗೆ ನಿದ್ದೆ ಮಾಡೋರಿಗೆಲ್ಲ ತೃಪ್ತಿ, ದಿನಾ ಓದೋ ನಿಂಗೊಬ್ಬನಿಗೇ ಅತೃಪ್ತಿ! ಏಮಿರಾ ನಾಯನಾ, ಇದು ನ್ಯಾಯವಾ?

ಬರೀ ಟಿಕ್ ಹಾಕಿದ್ರೆ ಹೋಗ್ಲಿ ಅಂತಿದ್ದೆ. ಕೆಳಗೆ ಏನ್ ಬರ್ದಿದ್ದೀಯ? ‘ಒಂದು ಗೈಡಿಗಾಗಿ ಮೂರು ತಿಂಗಳು ಪ್ರತಿ ದಿವಸ ಕೇಳಿದೆ. ಅಟೆಂಡರ್ ಬೈಂಡಿಂಗ್‌ಗೆ ಹೋಗಿದೆ ಎಂದರು.’ ಅಟೆಂಡರ್ ಅಂದ್ರೆ ಈ ಕಾಲೇಜಲ್ಲಿ ನಾನೊಬ್ನೇ ಅಲ್ವೇನೋ! ಶುಕ್ರವಾರ ಕಾಲೇಜು ತಪಾಸಣೆಗೆ ಕಮಿಟಿಯೋರು ಬರ್ತಾರೆ. ಇದನ್ನ ನೋಡಿದ್ರೆ, ತನ್ನಿ ಬೈಂಡಿಂಗ್ ಫೈಲು ಅಂತಾರೆ. ನಾನು ಗುತ್ತಿಗೆಯೋನು ಕಣಪ್ಪ. ನಾಳೆಯಿಂದ ಬರ್ಬೇಡ ಅಂದ್ರೆ ಮುಗೀತು. ತಗೋ, ಹೊಸ ಫಾರಂ. ಎರಡೇ ನಿಮಿಷದ ಕೆಲಸ, ಬೇಗ ಟಿಕ್ ಹಾಕು.

ಏನು? ಗೈಡಾ? ಬಂತಲ್ಲ! ನಿನ್ನೆ ಬಂತು. ಇಗೋ, ಈಗ್ಲೇ ಮನೆಗೆ ತಗೊಂಡ್ಹೋಗು... ಗೊತ್ತಪ್ಪ, ಎಫ್‌ಡಿಎ ಪರೀಕ್ಷೆ ಭಾನುವಾರವೇ ಮುಗೀತು. ಮುಂದಿನ ಸಲಕ್ಕಾಗುತ್ತೆ, ತಗೋ... ಯಾಕೆ ಹಂಗೆ ತಿರುಗಿಸಿ ತಿರುಗಿಸಿ ನೋಡ್ತೀಯ? ರಟ್ಟು ಹಳೇದೇನಾ? ಹ್ಞೂಂ... ಆ ಬೈಂಡರ್ ಮಹಾ ಕಳ್ಳ! ಮೂರು ತಿಂಗಳು ಇಟ್ಕೊಂಡು ಹಂಗೇ ವಾಪಸ್ ಕಳಿಸವ್ನೆ. ಅವನಿಗಿದೆ, ಬಿಡು.

ಅಯ್ಯೋ, ಮುಖ ಯಾಕೆ ಸಣ್ಣ ಮಾಡ್ತೀಯ? ನೀನೇನೂ ಕಳ್ಕೊಂಡಿಲ್ಲ ಕಣೋ. ಪೇಪರ್‌ನಲ್ಲಿ ಇದರಿಂದ ಒಂದು ಪ್ರಶ್ನೆನೂ ಬಂದಿರ್ಲಿಲ್ವಂತೆ. ಇಡೀ ಗೈಡು ಎರಡು ಸಲ ಓದಿ ಸುಮ್ನೆ ಕಣ್ಣು ಹಾಳು ಮಾಡ್ಕೊಂಡೆ ಅಂತ ನಮ್ಮ ಸುನಂದಾನೇ...

...

ಏನೋ? ಗೈಡ್ ಯಾಕೋ ಕೆಳಗಿಟ್ಟೆ?

ಸುನಂದ ಅಂದ್ರೆ... ನನ್ನ ಮಗಳು. ಅವಳೂ ಪರೀಕ್ಷೆಗೆ ಕಟ್ಟಿದ್ಲು. ಎಲ್ಲೋ, ಯಾರದ್ದೋ ಇಸ್ಕೊಂಡು ಓದಿರ್ಬೇಕು, ನಮ್ಮೂರು ಕ್ಯಾಲನೂರಲ್ಲಿ ಯಾರಾದ್ರೂ... ಹಂಗೆ ನೋಡ್ಬೇಡ. ಬೈಯೋದಾದ್ರೆ ಬೈದ್ಬಿಡು!

ಆಯ್ತು. ನಮ್ಮ ಮನೇಲಿತ್ತು. ಮೂರು ತಿಂಗಳೂ ನಮ್ಮ ಮನೇಲೇ ಇತ್ತು.

ಅವಳಿಗಿದು ಮೂರನೇ ಸಲ ಕಣೋ. ಎರಡು ಸಲ ಬರೀ ಮೂರು, ನಾಲ್ಕು ಮಾರ್ಕಲ್ಲಿ ಹೋಯ್ತು. ಹದಿನೈದು ದಿನ ಓದಿ ಕೊಡ್ತೀನಿ ಅಂದ್ಲು, ರಿಜಿಸ್ಟರ್‌ಗೆ ಬರೀದೆ ಎತ್ಕೊಂಡ್ಹೋದೆ. ಆಮೇಲೆ ವಾಪಸ್ ಕೇಳೋಕೆ ಮನಸ್ಸು ಬರ್ಲಿಲ್ಲ. ನೀನು ಬುದ್ಧಿವಂತ, ಗೈಡಿಲ್ದೇನೂ ಬರೀತೀಯ ಅಂದ್ಕೊಂಡೆ. ದಿನಾ ಮುಳಬಾಗಿಲ ಬಸ್ ಇಳಿದು ನೇರ ಇಲ್ಲಿಗೆ ಬಂದು, ‘ಬಂತಾ ಮುನಿರಾಮಣ್ಣ?’ ಅಂತ ನೀನು ಕೇಳ್ದಾಗೆಲ್ಲ ರಿಜಿಸ್ಟರ್ ಕಡೆ ತಲೆ ಬಗ್ಗಿಸ್ತಿದ್ದೆ. ಬಾಯಲ್ಲಿ ಬರೋದು ಒಂದೇ, ಬೈಂಡಿಂಗ್. ನಾಚ್ಕೆ ಆಗ್ತದೆ ಕಣಪ್ಪ, ನಿಜವಾಗ್ಲೂ ನಾಚ್ಕೆ ಆಗ್ತದೆ.

ಫಾರಂ ಹಂಗೇ ಇರ್ಲಿ ಬಿಡು, ಬದಲಾಯಿಸ್ಬೇಡ.

ಒಂದು ಪ್ರಶ್ನೆನೂ ಬಂದಿರ್ಲಿಲ್ಲ ಅಂದೆನಲ್ಲ... ಅದೂ ಸುಳ್ಳು. ಹನ್ನೊಂದು ಬಂದಿತ್ತು. ಭಾನುವಾರ ಸಾಯಂಕಾಲ ಪ್ರಶ್ನೆಪತ್ರಿಕೆ ಹಿಡ್ಕೊಂಡು ಮನೆಗೆ ಓಡ್ಬಂದ್ಲು, ‘ಹನ್ನೊಂದಪ್ಪಾ, ಹನ್ನೊಂದೂ ಇದ್ರಲ್ಲೇ ಇದೆ!’ ಅಂತ. ಗೈಡ್ ತೆಗೆದು, ಅವಳ ಜೊತೆ ಕೂತು ಒಂದೊಂದೇ ಹುಡುಕಿ ನೋಡ್ದೆ.

ನಗ್ತಾ ನೋಡ್ದೆ ಕಣೋ.